ಬೆಂಗಳೂರಿಗೆ ಕುಟುಂಬಸಮೇತ ಸ್ಥಳಾಂತರ: ಬಾಡಿಗೆ ಮನೆಗೆ ಬಡಾವಣೆ ಆರಿಸುವುದು ಹೇಗೆ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ಹಿರಿಯರ ಮಾತು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿ ನೋಡು ಎಂಬುದನ್ನೂ ಅದಕ್ಕೆ ಸೇರಿಸುವ ಕಾಲ ಬಂದು ಬಹಳ ವರ್ಷಗಳೇ ಆದವು. ಶಾಲಾ ಪರೀಕ್ಷೆಗಳು ಮುಗಿದು ಏಪ್ರಿಲ್-ಮೇ ತಿಂಗಳು ಬಂತೆಂದರೆ ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗ, ಕಲಬುರಗಿ, ಮಂಗಳೂರುಗಳಿಂದ ಪಾತ್ರೆ-ಪಗಡ, ಮಂಚ-ಬೀರು ಹೇರಿಕೊಂಡ ಲಾರಿಗಳು ರಾಜಧಾನಿಯ ಹಾದಿ ಹಿಡಿಯುತ್ತವೆ. ವರ್ಗಾವಣೆಯೋ, ಹೊಸ ನೌಕರಿಯೋ, ಮಕ್ಕಳ ಓದೋ ಕಾರಣವೇನೇ ಇರಲಿ, ಎಲ್ಲರ ಮುಂದಿರುವ ಪ್ರಶ್ನೆ ಒಂದೇ: ಇಷ್ಟು ದೊಡ್ಡ ಊರಿನಲ್ಲಿ ಎಲ್ಲಿ ಮನೆ ಮಾಡುವುದು?

ಒಂಟಿಯಾಗಿ ಬರುವ ತರುಣನಿಗೆ ಈ ಪ್ರಶ್ನೆ ಅಷ್ಟು ಭಾರವಲ್ಲ. ಜಾಗ ಸರಿಬೀಳದಿದ್ದರೆ ಒಂದು ಚೀಲ ಹೆಗಲಿಗೇರಿಸಿ ಬೇರೆಡೆಗೆ ಹೋಗಬಹುದು. ಕುಟುಂಬಕ್ಕೆ ಆ ಸ್ವಾತಂತ್ರ್ಯವಿಲ್ಲ. ಬಡಾವಣೆಯ ಆಯ್ಕೆ ತಪ್ಪಿದರೆ ಮುಂಗಡ ಹಣ ಸಿಕ್ಕಿಬೀಳುತ್ತದೆ, ಕಟ್ಟಿದ ಶಾಲಾ ಶುಲ್ಕ ಹಿಂದಿರುಗುವುದಿಲ್ಲ, ಸಾಮಾನು ಸಾಗಣೆಯ ಖರ್ಚು ಎರಡನೇ ಬಾರಿ ಬೀಳುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಊರು ಬಿಟ್ಟು ಬಂದ ವೃದ್ಧ ತಂದೆತಾಯಿಗೆ, ಗೆಳೆಯರನ್ನು ಬಿಟ್ಟು ಬಂದ ಮಕ್ಕಳಿಗೆ ಮತ್ತೊಮ್ಮೆ ಬೇರು ಕಿತ್ತ ಅನುಭವವಾಗುತ್ತದೆ. ಆದ್ದರಿಂದ ಮನೆ ಹುಡುಕುವ ಮೊದಲು ಬಡಾವಣೆಯನ್ನು ಹುಡುಕಬೇಕು. ಅದಕ್ಕೆ ನೆರವಾಗಬಲ್ಲ ಮುಖ್ಯ ಸಂಗತಿಗಳು ಇಲ್ಲಿವೆ.

ಯಾರ ದಿನಚರಿ ಮುಖ್ಯ?

ಸಾಮಾನ್ಯವಾಗಿ ನೌಕರಿಗೆ ಹೋಗುವವರ ಕಚೇರಿಯ ವಿಳಾಸವನ್ನು ಮುಂದಿಟ್ಟುಕೊಂಡು ಮನೆ ಹುಡುಕಲಾಗುತ್ತದೆ. ಆದರೆ ಕಚೇರಿಗೆ ಹೋಗುವವರು ಹಗಲಿಡೀ ಬಡಾವಣೆಯಲ್ಲಿ ಇರುವುದೇ ಇಲ್ಲ. ಅಲ್ಲಿ ಬದುಕುವವರು ಮನೆಯಲ್ಲಿ ಉಳಿಯುವವರು. ಶಾಲೆಗೆ ನಡೆದು ಹೋಗುವ ಮಗು, ಸಂಜೆ ಉದ್ಯಾನದವರೆಗೆ ಅಡ್ಡಾಡಿ ಬರುವ ಅಜ್ಜ, ತರಕಾರಿ ತರುವ, ನೀರು ಬಿಡುವ ಹೊತ್ತಿಗೆ ಕಾಯುವ ಗೃಹಿಣಿ, ಇವರ ದಿನ ಹೇಗೆ ಕಳೆಯುತ್ತದೆ ಎಂಬುದರ ಮೇಲೆ ಆ ಮನೆಯ ನೆಮ್ಮದಿ ನಿಂತಿದೆ.

ಹೀಗಾಗಿ ಮೊದಲ ಹೆಜ್ಜೆಯಾಗಿ ಒಂದು ಹಾಳೆಯಲ್ಲಿ ಮನೆಯ ಪ್ರತಿಯೊಬ್ಬರ ದಿನಚರಿಯನ್ನು ಬರೆದುಕೊಳ್ಳುವುದು ಒಳ್ಳೆಯದು. ಯಾರು ಎಷ್ಟು ಗಂಟೆಗೆ ಹೊರಡಬೇಕು, ಯಾರಿಗೆ ಔಷಧೋಪಚಾರ ಬೇಕು, ಯಾರಿಗೆ ವಾಹನ ಓಡಿಸಲು ಬಾರದು, ಯಾರಿಗೆ ಕನ್ನಡ ಬಿಟ್ಟು ಬೇರೆ ಭಾಷೆ ತಿಳಿಯದು ಎಂಬುದೆಲ್ಲ ಅದರಲ್ಲಿರಬೇಕು. ಮನೆಯಲ್ಲಿ ಅತಿ ಕಡಿಮೆ ನಡೆಯಬಲ್ಲವರು ಯಾರೋ ಅವರಿಂದ ಲೆಕ್ಕ ಆರಂಭಿಸಿದರೆ ಅರ್ಧ ನಗರ ತಾನಾಗಿಯೇ ಪಟ್ಟಿಯಿಂದ ಹೊರಗುಳಿಯುತ್ತದೆ. ಹುಡುಕಾಟ ಹಗುರವಾಗುತ್ತದೆ.

ನಗರದ ಒಳಸುತ್ತು, ಹೊರಸುತ್ತು

ಬೆಂಗಳೂರನ್ನು ಅರಿಯಲು ಅದು ಬೆಳೆದ ಬಗೆಯನ್ನು ಸ್ವಲ್ಪ ತಿಳಿದಿರಬೇಕು. 1898ರಲ್ಲಿ ಪ್ಲೇಗ್ ಮಾರಿ ಪೇಟೆಯನ್ನು ಕಾಡಿದ ಬಳಿಕ ಬಸವನಗುಡಿ, ಮಲ್ಲೇಶ್ವರಗಳು ಅಗಲ ರಸ್ತೆ, ಗಾಳಿ-ಬೆಳಕಿನ ಬಡಾವಣೆಗಳಾಗಿ ರೂಪುಗೊಂಡವು. ಸ್ವಾತಂತ್ರ್ಯಾನಂತರ ಜಯನಗರ, ರಾಜಾಜಿನಗರಗಳು ಬಂದವು. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಸ್ಥಾಪನೆಯಾದ ಮೇಲೆ ಯೋಜಿತ ಬಡಾವಣೆಗಳ ಸುತ್ತು ಇನ್ನಷ್ಟು ಹಿಗ್ಗಿತು. ಈ ಪ್ರದೇಶಗಳಲ್ಲಿ ಮಾರುಕಟ್ಟೆ, ಉದ್ಯಾನ, ಶಾಲೆ, ಕಾವೇರಿ ನೀರಿನ ಕೊಳವೆ, ಒಳಚರಂಡಿ ಎಲ್ಲವೂ ದಶಕಗಳಿಂದ ಇವೆ.

2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಹಾಗೂ 110 ಹಳ್ಳಿಗಳು ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ರಚನೆಯಾಯಿತು. ಹೊರಸುತ್ತಿನ ಬಹುಪಾಲು ಬೆಳೆದದ್ದು ಹೀಗೆ: ಮೊದಲು ಕಟ್ಟಡ, ನಂತರ ರಸ್ತೆ, ಅದಕ್ಕೂ ನಂತರ ನೀರು ಮತ್ತು ಒಳಚರಂಡಿ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂಬ ಐದು ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಆಡಳಿತದ ಗಡಿ ಬದಲಾದರೂ ಒಳಸುತ್ತು ಮತ್ತು ಹೊರಸುತ್ತಿನ ನಡುವಿನ ಈ ಹಳೆಯ ವ್ಯತ್ಯಾಸ ಒಂದೇ ದಿನದಲ್ಲಿ ಅಳಿಯುವಂಥದಲ್ಲ. ಬಾಡಿಗೆ ಮನೆ ಹುಡುಕುವವರು ಮೊದಲು ನೆನಪಿಡಬೇಕಾದ ಗೆರೆ ಇದು.

ಮೊದಲ ಪ್ರಶ್ನೆ ನೀರಿನದು

ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿರುವ ಈ ನಗರಕ್ಕೆ ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ, ತಗ್ಗಿನಿಂದ ಎತ್ತರಕ್ಕೆ ಪಂಪ್ ಆಗಿ ಬರಬೇಕು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಹೆಚ್ಚು ಬವಣೆಪಟ್ಟದ್ದು ಅವುಗಳನ್ನೇ ನಂಬಿದ್ದ ಹೊರವಲಯದ ಬಡಾವಣೆಗಳು. ಟ್ಯಾಂಕರ್ ದರ ಬೇಕಾಬಿಟ್ಟಿ ಏರಿದ್ದರಿಂದ ಆ ವರ್ಷದ ಮಾರ್ಚ್‌ನಲ್ಲಿ ಜಿಲ್ಲಾಡಳಿತ ಮಧ್ಯಪ್ರವೇಶಿಸಿ, 5 ಕಿ.ಮೀ. ಒಳಗಿನ ಸಾಗಣೆಗೆ 6,000 ಲೀಟರ್‌ಗೆ 600 ರೂ., 12,000 ಲೀಟರ್‌ಗೆ 1,000 ರೂ. ಎಂದು ದರ ನಿಗದಿ ಮಾಡಬೇಕಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ಆದರೆ ಯೋಜನೆ ಬಂದಿದೆ ಎಂಬುದು ಬೇರೆ, ನೋಡುತ್ತಿರುವ ಕಟ್ಟಡಕ್ಕೆ ಸಂಪರ್ಕ ಪಡೆಯಲಾಗಿದೆ ಎಂಬುದು ಬೇರೆ. ಕೇಳಬೇಕಾದದ್ದು ಎರಡನೆಯದನ್ನು.

ಮನೆ ನೋಡಲು ಹೋದಾಗ ಕೇಳಲೇಬೇಕಾದ ಪ್ರಶ್ನೆಗಳು ಹೀಗಿವೆ: ಕಾವೇರಿ ನೀರು ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತು ಬರುತ್ತದೆ? ಸಂಪ್ ಎಷ್ಟು ದೊಡ್ಡದು, ಅದನ್ನು ಎಷ್ಟು ಮನೆಗಳು ಹಂಚಿಕೊಳ್ಳುತ್ತವೆ? ಮೋಟಾರ್ ಹಾಕುವವರು ಯಾರು? ಕಳೆದ ಏಪ್ರಿಲ್‌ನಲ್ಲಿ ಟ್ಯಾಂಕರ್ ತರಿಸಲಾಗಿತ್ತೇ, ಅದರ ಹಣ ಯಾರು ಕೊಟ್ಟರು? ಕೊನೆಯ ಪ್ರಶ್ನೆಯನ್ನು ಮಾಲೀಕರಿಗಿಂತ ಪಕ್ಕದ ಮನೆಯವರಿಗೆ ಕೇಳಿದರೆ ನೇರ ಉತ್ತರ ಸಿಗುತ್ತದೆ.

ಲೆಕ್ಕವೂ ಸರಳ. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ನಗರ ನೀರು ಪೂರೈಕೆಯ ಅಂಗೀಕೃತ ಮಾನದಂಡ. ನಾಲ್ವರ ಕುಟುಂಬಕ್ಕೆ ದಿನಕ್ಕೆ 540, ತಿಂಗಳಿಗೆ 16,200 ಲೀಟರ್ ಆಯಿತು. ಪೂರ್ತಿ ಟ್ಯಾಂಕರನ್ನೇ ನಂಬಿದರೆ 6,000 ಲೀಟರ್‌ನ ಸುಮಾರು ಮೂರು ಟ್ಯಾಂಕರ್ ಬೇಕು. ಬೇಸಿಗೆಯಲ್ಲಿ ದುಡ್ಡು ಕೊಟ್ಟರೂ ಟ್ಯಾಂಕರ್ ಸಮಯಕ್ಕೆ ಬಾರದಿರುವುದು ಅದಕ್ಕಿಂತ ದೊಡ್ಡ ತೊಂದರೆ. ಕೈಗೂಸು ಅಥವಾ ಹಾಸಿಗೆ ಹಿಡಿದ ಹಿರಿಯರು ಇರುವ ಮನೆಯವರು ನೀರಿನ ವಿಷಯದಲ್ಲಿ ರಾಜಿ ಮಾಡಿಕೊಳ್ಳದಿರುವುದೇ ಲೇಸು.

ದೂರ ಅಳೆಯಬೇಕಾದದ್ದು ಗಡಿಯಾರದಿಂದ

ಊರ ಕಡೆ 8 ಕಿ.ಮೀ. ಎಂದರೆ ಕಾಲು ಗಂಟೆಯ ದಾರಿ. ಬೆಂಗಳೂರಿನಲ್ಲಿ ಅದೇ 8 ಕಿ.ಮೀ.ಗೆ ಹೊತ್ತು ಮತ್ತು ದಿಕ್ಕನ್ನು ಅವಲಂಬಿಸಿ 20 ನಿಮಿಷವೂ ಆದೀತು, ಒಂದು ಗಂಟೆಯೂ ಆದೀತು. ಆದಕಾರಣ ದೂರವನ್ನು ಕೇಳದೆ ವಾರದ ದಿನ ಬೆಳಿಗ್ಗೆ ಎಂಟೂವರೆಗೆ ಹೊರಟರೆ ಎಷ್ಟು ಹೊತ್ತು ಎಂದು ಕೇಳಬೇಕು. ಒಂದು ದಿಕ್ಕಿಗೆ ಒಂದು ಗಂಟೆ ಹೆಚ್ಚಾದರೂ ತಿಂಗಳ 22 ಕೆಲಸದ ದಿನಗಳಲ್ಲಿ 44 ಗಂಟೆ ರಸ್ತೆಯಲ್ಲೇ ಕಳೆಯುತ್ತದೆ. ಅದು ಕಚೇರಿಯ ಒಂದು ವಾರದ ದುಡಿಮೆಗೆ ಸಮ.

ಈ ಲೆಕ್ಕವನ್ನು ಕೆಲಮಟ್ಟಿಗೆ ಬದಲಿಸಿರುವುದು 2011ರ ಅಕ್ಟೋಬರ್‌ನಲ್ಲಿ ಆರಂಭವಾದ ನಮ್ಮ ಮೆಟ್ರೊ. ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗಿನ ಸುಮಾರು 43 ಕಿ.ಮೀ. ನೇರಳೆ ಮಾರ್ಗ 2023ರ ಅಕ್ಟೋಬರ್‌ನಲ್ಲಿ ಪೂರ್ಣಗೊಂಡಿತು. ಹಸಿರು ಮಾರ್ಗ 2024ರ ನವೆಂಬರ್‌ನಲ್ಲಿ ತುಮಕೂರು ರಸ್ತೆಯ ಮಾದಾವರ ತಲುಪಿದ್ದು, ದಕ್ಷಿಣದಲ್ಲಿ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಯವರೆಗಿದೆ. ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ ಮೂಲಕ ಬೊಮ್ಮಸಂದ್ರಕ್ಕೆ ಹೋಗುವ ಸುಮಾರು 19 ಕಿ.ಮೀ. ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಉದ್ಘಾಟನೆಯಾಯಿತು. ನೇರಳೆ-ಹಸಿರು ಮಾರ್ಗಗಳು ಮೆಜೆಸ್ಟಿಕ್‌ನಲ್ಲೂ ಹಸಿರು-ಹಳದಿ ಮಾರ್ಗಗಳು ಆರ್.ವಿ. ರಸ್ತೆಯಲ್ಲೂ ಕೂಡುತ್ತವೆ. 2025ರ ಫೆಬ್ರವರಿಯ ಪರಿಷ್ಕರಣೆಯಲ್ಲಿ ಗರಿಷ್ಠ ಪ್ರಯಾಣ ದರ 60ರಿಂದ 90 ರೂ.ಗೆ ಏರಿದ್ದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು. ಬಿಎಂಟಿಸಿಯ ಸಾಮಾನ್ಯ ಬಸ್‌ಗಳಲ್ಲಿ ರಾಜ್ಯದ ಮಹಿಳೆಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಉಚಿತ ಪ್ರಯಾಣದ ಸೌಲಭ್ಯವಿದೆ.

ಇಲ್ಲೊಂದು ಎಚ್ಚರಿಕೆ. 'ಇನ್ನಾರು ತಿಂಗಳಲ್ಲಿ ಇಲ್ಲಿಗೆ ಮೆಟ್ರೊ ಬರುತ್ತದೆ ಸಾರ್' ಎಂಬ ಮಾತನ್ನು ನಂಬಿ ಹೆಚ್ಚಿನ ಬಾಡಿಗೆ ಒಪ್ಪಬಾರದು. ಹಳದಿ ಮಾರ್ಗ ಹಲವು ಗಡುವುಗಳನ್ನು ದಾಟಿದ ಮೇಲಷ್ಟೇ ಆರಂಭವಾಯಿತು. ಬಾಡಿಗೆದಾರನಿಗೆ ಬೇಕಾದದ್ದು ಇಂದು ಓಡುತ್ತಿರುವ ರೈಲು, ಬಸ್ಸು. ಬರಲಿರುವುದು ಮನೆ ಕೊಳ್ಳುವವರ ಲೆಕ್ಕ.

ದಿಕ್ಕುವಾರು ನೋಟ

ಪಶ್ಚಿಮ: ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಮಹಾಲಕ್ಷ್ಮಿ ಬಡಾವಣೆ, ನಾಗರಭಾವಿಗಳು ಜಿಲ್ಲೆಗಳಿಂದ ಬರುವ ಕುಟುಂಬಗಳಿಗೆ ಹಿಂದಿನಿಂದಲೂ ಒಗ್ಗಿಬಂದ ಜಾಗಗಳು. ಉತ್ತರ ಕರ್ನಾಟಕ, ಮಲೆನಾಡು ಹಾಗೂ ಕರಾವಳಿಯ ಬಸ್‌ಗಳು ನೆಲಮಂಗಲ, ಗೊರಗುಂಟೆಪಾಳ್ಯ, ಯಶವಂತಪುರ ಮಾರ್ಗವಾಗಿಯೇ ನಗರ ಪ್ರವೇಶಿಸುವುದರಿಂದ ಹಬ್ಬಕ್ಕೆ ಊರಿಗೆ ಹೋಗಿ ಬೆಳಗಿನ ಜಾವ ಬಂದಿಳಿದರೆ ಮನೆ ಹತ್ತಿರ. ಕಿರಾಣಿ ಅಂಗಡಿ, ಔಷಧ ಅಂಗಡಿ, ಆಟೊ ಎಲ್ಲೆಡೆ ಕನ್ನಡದಲ್ಲೇ ವ್ಯವಹರಿಸಬಹುದು. ಜೋಳದ ರೊಟ್ಟಿಯ ಖಾನಾವಳಿಗಳೂ ಈ ಭಾಗದಲ್ಲಿವೆ. ವಿಜಯನಗರ ನೇರಳೆ ಮಾರ್ಗದಲ್ಲಿ, ರಾಜಾಜಿನಗರ ಹಸಿರು ಮಾರ್ಗದಲ್ಲಿದೆ. ಕಿರಿದಾದ ಅಡ್ಡರಸ್ತೆಗಳು, ಗಾಳಿ-ಬೆಳಕು ಕಡಿಮೆಯಿರುವ ಒತ್ತೊತ್ತಾದ ಮನೆಗಳು, ವಾಹನ ನಿಲುಗಡೆಯ ಸಮಸ್ಯೆ ಇಲ್ಲಿನ ಕೊರತೆಗಳು. ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಕೆಲಸವಿರುವವರಿಗೆ ದಾಸರಹಳ್ಳಿ, ಜಾಲಹಳ್ಳಿ, ನಾಗಸಂದ್ರ ಸುತ್ತಮುತ್ತ ಇನ್ನೂ ಅಗ್ಗದ ಮನೆಗಳು ಸಿಗುತ್ತವೆ. ಅಲ್ಲಿ ನೀರಿನ ವಿಚಾರಣೆ ಹೆಚ್ಚು ಅಗತ್ಯ.

ದಕ್ಷಿಣ: ಬಸವನಗುಡಿ, ಹನುಮಂತನಗರ, ಜಯನಗರ, ಬನಶಂಕರಿ, ಜೆ.ಪಿ. ನಗರಗಳಲ್ಲಿ ಉದ್ಯಾನ, ಗ್ರಂಥಾಲಯ, ಸಂಗೀತ ಸಭೆ, ಹಳೆಯ ಶಾಲಾ-ಕಾಲೇಜುಗಳ ಸೌಕರ್ಯವಿದೆ. ಜಯದೇವ ಹೃದ್ರೋಗ ಸಂಸ್ಥೆ, ಕಿದ್ವಾಯಿ, ನಿಮ್ಹಾನ್ಸ್, ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗಳು ಈ ಭಾಗಕ್ಕೆ ಸಮೀಪವಿರುವುದರಿಂದ ಚಿಕಿತ್ಸೆ ಪಡೆಯುತ್ತಿರುವ ಹಿರಿಯರಿದ್ದರೆ ಅನುಕೂಲ. ಬಾಡಿಗೆ ಹೆಚ್ಚು, ಆದರೆ ಹಳೆಯ ಸ್ವತಂತ್ರ ಮನೆಗಳ ಮೇಲಂತಸ್ತುಗಳು ಕೆಲವೊಮ್ಮೆ ಮಿತ ದರಕ್ಕೆ ದೊರೆಯುವುದುಂಟು. ಹಳದಿ ಮಾರ್ಗ ಬಂದ ಮೇಲೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವವರೂ ಇಲ್ಲಿ ನೆಲೆಸಬಹುದಾಗಿದೆ. ಬಾಡಿಗೆ ಭಾರವೆನಿಸಿದರೆ ಕನಕಪುರ ರಸ್ತೆಯ ಯಲಚೇನಹಳ್ಳಿ, ಕೋಣನಕುಂಟೆ, ದೊಡ್ಡಕಲ್ಲಸಂದ್ರದತ್ತ ನೋಡಬಹುದು.

ನೈರುತ್ಯ: ರಾಜರಾಜೇಶ್ವರಿನಗರ, ಕೆಂಗೇರಿ ಉಪನಗರಗಳಿಗೆ 2021ರ ಆಗಸ್ಟ್‌ನಲ್ಲಿ ಮೆಟ್ರೊ ಬಂದಿದೆ. ಮೈಸೂರು, ಮಂಡ್ಯ, ರಾಮನಗರ ಕಡೆಯವರಿಗೆ ಊರು ಹತ್ತಿರ. ಮಧ್ಯಮ ವರ್ಗದ ಕುಟುಂಬ ಗಂಭೀರವಾಗಿ ಪರಿಗಣಿಸಬಹುದಾದ ಭಾಗವಿದು. ಬಡಾವಣೆಯ ಒಳಭಾಗದಿಂದ ಮೆಟ್ರೊ ನಿಲ್ದಾಣಕ್ಕೆ ನಡೆಯುವ ದೂರವೆಷ್ಟು, ಸಂಪರ್ಕ ಬಸ್ ಉಂಟೇ ಎಂಬುದನ್ನು ಮಾತ್ರ ಸ್ವತಃ ನಡೆದು ನೋಡಬೇಕು.

ಪೂರ್ವ: ವೈಟ್‌ಫೀಲ್ಡ್, ಮಹದೇವಪುರ, ಮಾರತ್‌ಹಳ್ಳಿ, ಬೆಳ್ಳಂದೂರು, ಸರ್ಜಾಪುರ ರಸ್ತೆ ಐಟಿ ನೌಕರರ ನೆಲೆ. ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಮಕ್ಕಳಿಗೆ ಆಟದ ಜಾಗ, ಕಾವಲು, ವಿದ್ಯುತ್ ಹೋದರೆ ಜನರೇಟರ್ ಇರುತ್ತವೆ. ದಂಪತಿ ಇಬ್ಬರಿಗೂ ಅಲ್ಲೇ ಕೆಲಸವಿದ್ದು ಮಕ್ಕಳು ಚಿಕ್ಕವರಿದ್ದರೆ ಇದೇ ಸರಿಯಾದ ಆಯ್ಕೆ. ಆದರೆ ಟ್ಯಾಂಕರ್ ಅವಲಂಬನೆ, ಸಂಚಾರ ದಟ್ಟಣೆ, ಗೇಟಿನಾಚೆ ಪಾದಚಾರಿ ಮಾರ್ಗವೇ ಇಲ್ಲದ ರಸ್ತೆಗಳನ್ನು ಗಮನಿಸಬೇಕು. ನೆರೆಹೊರೆಯಲ್ಲಿ ಹಿಂದಿ, ಇಂಗ್ಲಿಷ್, ತೆಲುಗು, ತಮಿಳು ಹೆಚ್ಚು ಕೇಳಿಬರುತ್ತವೆ. ಕನ್ನಡವಷ್ಟೇ ಬಲ್ಲ ಅಜ್ಜಿಯೊಬ್ಬರು ಹತ್ತನೇ ಮಹಡಿಯಲ್ಲಿ ಮಾತಿಗೆ ಜನವಿಲ್ಲದೆ ಸೊರಗುವುದು ಬಾಡಿಗೆಯ ಲೆಕ್ಕದಲ್ಲಿ ಬಾರದ ನಷ್ಟ. ನೇರಳೆ ಮಾರ್ಗ ಹೂಡಿ, ಕುಂದಲಹಳ್ಳಿ, ಕಾಡುಗೋಡಿಗಳನ್ನು ಮುಟ್ಟುತ್ತದೆ. ಸರ್ಜಾಪುರ ರಸ್ತೆ, ವರ್ತೂರು ಕಡೆಗೆ ರಸ್ತೆ ಸಾರಿಗೆಯೇ ಗತಿ.

ಉತ್ತರ: ಮಲ್ಲೇಶ್ವರ ದುಬಾರಿಯಾದರೂ ಸಕಲ ಸೌಕರ್ಯಗಳುಳ್ಳ ಹಳೆಯ ಬಡಾವಣೆ. ಸಂಜಯನಗರ, ಆರ್.ಟಿ. ನಗರ, ಸಹಕಾರನಗರ, ವಿದ್ಯಾರಣ್ಯಪುರ, ಯಲಹಂಕ ಉಪನಗರಗಳು ಕುಟುಂಬ ವಾಸಕ್ಕೆ ಹೆಸರಾಗಿವೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಆರಂಭವಾದ ನಂತರ ಈ ಭಾಗದ ಬೆಳವಣಿಗೆ ವೇಗ ಪಡೆಯಿತು. ನಾಗವಾರದ ಟೆಕ್ ಪಾರ್ಕ್, ಬಿಇಎಲ್, ವಿಮಾನ ನಿಲ್ದಾಣದಲ್ಲಿ ಕೆಲಸವಿರುವವರಿಗೆ ಸೂಕ್ತ. ಹೆಬ್ಬಾಳ ಮೇಲ್ಸೇತುವೆಯನ್ನು ದಿನವೂ ದಾಟಬೇಕಾದೀತೇ ಎಂಬುದನ್ನು ಮೊದಲೇ ಯೋಚಿಸಬೇಕು.

ಶಾಲೆ ಮೊದಲೋ, ಮನೆ ಮೊದಲೋ?

ಶಾಲೆಗೆ ಹೋಗುವ ಮಕ್ಕಳಿದ್ದರೆ ಶಾಲೆಯೇ ಮೊದಲು. ಬಹುತೇಕ ಖಾಸಗಿ ಶಾಲೆಗಳಲ್ಲಿ ಮುಂದಿನ ವರ್ಷದ ಪ್ರವೇಶ ಪ್ರಕ್ರಿಯೆ ಚಳಿಗಾಲದಲ್ಲೇ ಆರಂಭವಾಗಿ, ಬೇಸಿಗೆ ರಜೆಯ ಹೊತ್ತಿಗೆ ಸೀಟು ತುಂಬಿರುತ್ತವೆ. ರಾಜ್ಯ ಪಠ್ಯಕ್ರಮದ ಶಾಲೆಗಳು ಮೇ ಕೊನೆಯಲ್ಲಿ ಬಾಗಿಲು ತೆರೆಯುತ್ತವೆ. ಆದ್ದರಿಂದ ಎರಡು-ಮೂರು ಬಡಾವಣೆ ಗುರುತಿಸಿ, ಅಲ್ಲಿನ ಶಾಲೆಯಲ್ಲಿ ಸೀಟು ಖಚಿತಪಡಿಸಿಕೊಂಡು, ಆ ಶಾಲೆಯ ಒಂದೆರಡು ಕಿ.ಮೀ. ಸುತ್ತಳತೆಯಲ್ಲಿ ಮನೆ ಹುಡುಕುವುದು ಜಾಣತನ. ಸಂಜೆ ಮಗು ಶಾಲಾ ವಾಹನದಲ್ಲಿ ಗಂಟೆಗಟ್ಟಲೆ ಕೂರುವುದು ತಪ್ಪುತ್ತದೆ, ವಾಹನ ಶುಲ್ಕವೂ ಉಳಿಯುತ್ತದೆ.

ಊರು ಬಿಡುವ ಮೊದಲು ವರ್ಗಾವಣೆ ಪ್ರಮಾಣಪತ್ರ, ಅಂಕಪಟ್ಟಿ ಹಾಗೂ ಮಗುವಿನ 'ಸ್ಯಾಟ್ಸ್' ಸಂಖ್ಯೆ ಪಡೆದಿರಬೇಕು. ಅದಿಲ್ಲದೆ ಹೊಸ ಶಾಲೆಯ ದಾಖಲೆ ಪೂರ್ಣವಾಗುವುದಿಲ್ಲ. ರಾಜ್ಯ ಪಠ್ಯಕ್ರಮದಿಂದ ಕೇಂದ್ರ ಪಠ್ಯಕ್ರಮಕ್ಕೆ ಬದಲಾಯಿಸುವುದಾದರೆ ಎಂಟನೇ ತರಗತಿಯೊಳಗೆ ಮಾಡಿದರೆ ಮಗುವಿಗೆ ಹೊರೆ ಕಡಿಮೆ. ಒಂಬತ್ತು, ಹತ್ತನೇ ತರಗತಿಯಲ್ಲಿರುವ ಮಕ್ಕಳನ್ನು ನಡುವರ್ಷದಲ್ಲಿ ಕಿತ್ತು ತರುವ ಬದಲು ನೌಕರಿಯವರು ಮೊದಲು ಒಬ್ಬರೇ ಬಂದು, ಪರೀಕ್ಷೆ ಮುಗಿದ ಮೇಲೆ ಸಂಸಾರವನ್ನು ಕರೆತರುವುದು ಅನೇಕ ಕುಟುಂಬಗಳು ಅನುಸರಿಸುವ ಕ್ರಮ.

ಮಳೆಗಾಲದ ಪರೀಕ್ಷೆ

ಬೆಂಗಳೂರು ದಿಬ್ಬದ ಮೇಲಿನ ನಗರ. ಮಳೆನೀರು ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳ ಕಣಿವೆಗಳ ಮೂಲಕ ಕೆರೆಯಿಂದ ಕೆರೆಗೆ ಹರಿದು ಹೋಗಬೇಕು. ಹರಿಯುವ ದಾರಿಯಾದ ರಾಜಕಾಲುವೆ ಕಿರಿದಾದೆಡೆ, ಕೆರೆಯಂಗಳದಲ್ಲಿ ಕಟ್ಟಡ ಎದ್ದೆಡೆ ನೀರು ಮನೆಗೆ ನುಗ್ಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಐಷಾರಾಮಿ ಮನೆಗಳಿಂದಲೂ ಜನರನ್ನು ದೋಣಿ, ಟ್ರ್ಯಾಕ್ಟರ್‌ಗಳಲ್ಲಿ ಸಾಗಿಸಬೇಕಾಯಿತು. 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಲೇಔಟ್ ಜಲಾವೃತವಾಯಿತು. ಬಾಡಿಗೆ ಹೆಚ್ಚಿದೆ ಎಂದಮಾತ್ರಕ್ಕೆ ತಗ್ಗು ಎತ್ತರವಾಗದು.

ಗುರುತು ಹಿಡಿಯುವುದು ಕಷ್ಟವಲ್ಲ. ಗೋಡೆಯ ಕೆಳಭಾಗದಲ್ಲಿ ತೇವದ ಗೆರೆ, ಬೀದಿಯ ಮನೆಗಳೆಲ್ಲ ಗೇಟಿನ ಬಳಿ ಹೊಸ್ತಿಲು ಎತ್ತರಿಸಿಕೊಂಡಿರುವುದು, ನೆಲಮಾಳಿಗೆಯ ಬಾಗಿಲಿಗೆ ಮರಳು ಚೀಲ ಇವು ಸಾಕ್ಷಿ ನುಡಿಯುತ್ತವೆ. ಹತ್ತಿರದಲ್ಲಿ ರಾಜಕಾಲುವೆ ಎಲ್ಲಿದೆ ಎಂದು ವಿಚಾರಿಸಬೇಕು. ಸಾಧ್ಯವಾದರೆ ಜೋರು ಮಳೆ ಬಂದ ಮರುದಿನವೇ ಬೀದಿ ನೋಡಿ ಬರಬೇಕು.

ನಿಜವಾದ ಬಾಡಿಗೆ ಎಷ್ಟು?

ಫಲಕದಲ್ಲಿ ಬರೆದ ಬಾಡಿಗೆ ಪೂರ್ಣ ಬಾಡಿಗೆಯಲ್ಲ. ಉದಾಹರಣೆಗೆ, ಹೊರವಲಯದ ಮನೆಯೊಂದಕ್ಕೆ 20,000 ರೂ. ಬಾಡಿಗೆ ಎಂದಿಟ್ಟುಕೊಳ್ಳೋಣ. ನಿರ್ವಹಣಾ ವೆಚ್ಚ 3,500, ನೀರಿಗೆ 1,500, ಇಬ್ಬರ ಓಡಾಟಕ್ಕೆ 6,000, ಶಾಲಾ ವಾಹನಕ್ಕೆ 3,000 ಸೇರಿದರೆ ಒಟ್ಟು 34,000 ರೂ. ಒಳಸುತ್ತಿನ ಮನೆಗೆ 26,000 ರೂ. ಬಾಡಿಗೆ, ನೀರಿಗೆ 500, ಮೆಟ್ರೊ-ಬಸ್ಸಿಗೆ 3,500, ಶಾಲೆಗೆ ನಡಿಗೆ; ಒಟ್ಟು 30,000 ರೂ. ಅಗ್ಗವೆನಿಸಿದ್ದು ತಿಂಗಳಿಗೆ 4,000 ರೂ. ದುಬಾರಿಯಾಯಿತು. ಇಲ್ಲಿನ ಅಂಕಿಗಳು ಕೇವಲ ಮಾದರಿ. ಪ್ರತಿ ಕುಟುಂಬವೂ ತನ್ನ ಅಂಕಿಗಳನ್ನಿಟ್ಟು ಈ ಕೂಡಿಕೆ ಮಾಡಿ ನೋಡಬೇಕು. ಕೆಲವೊಮ್ಮೆ ಹೊರವಲಯವೇ ಗೆಲ್ಲಬಹುದು, ಆದರೆ ಅದು ಲೆಕ್ಕದಿಂದ ತಿಳಿಯಬೇಕು.

ಅಡ್ವಾನ್ಸ್ ಎಂದೇ ಕರೆಯುವ ಮುಂಗಡ ಠೇವಣಿಯೂ ಖರ್ಚೇ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿ ಹಿಂದಿನಿಂದಲೂ ಇದೆ. ಐದಾರು ತಿಂಗಳಿಗೆ ಒಪ್ಪುವ ಮಾಲೀಕರೂ ಇದ್ದಾರೆ. 26,000 ರೂ. ಬಾಡಿಗೆಗೆ ಹತ್ತು ತಿಂಗಳೆಂದರೆ 2.60 ಲಕ್ಷ ರೂ. ಶೇ 6ರ ಬಡ್ಡಿಯಂತೆ ವರ್ಷಕ್ಕೆ 15,600 ರೂ. ಆದಾಯ ಕೈಬಿಟ್ಟಂತೆ. ಬಾಡಿಗೆ ಇಳಿಸಲೊಪ್ಪದ ಮಾಲೀಕರು ಮುಂಗಡ ಇಳಿಸಲು ಒಪ್ಪುವುದುಂಟು. ಕೇಳುವುದರಲ್ಲಿ ಸಂಕೋಚ ಬೇಡ.

ಕರಾರು, ಭೋಗ್ಯ, ವಂಚನೆ

ಒಂದು ವರ್ಷ ಮೀರಿದ ಗುತ್ತಿಗೆಗೆ 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಕಡ್ಡಾಯ. ಹನ್ನೊಂದು ತಿಂಗಳ ಕರಾರಿನ ಹಿಂದಿರುವ ಗುಟ್ಟು ಇದೇ. ಎರಡು ತಿಂಗಳ ಬಾಡಿಗೆ ಮೀರಿ ಮುಂಗಡ ಪಡೆಯಬಾರದೆಂಬ ಮಾದರಿ ಬಾಡಿಗೆ ಕಾಯ್ದೆಗೆ ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ಆದರೆ ಅದು ಮಾದರಿ ಮಾತ್ರ. ರಾಜ್ಯ ತನ್ನ ಕಾನೂನಾಗಿ ತಂದಾಗಷ್ಟೇ ಜಾರಿಗೆ ಬರುತ್ತದೆ. ಹೀಗಾಗಿ ಕರಾರುಪತ್ರವೇ ಬಾಡಿಗೆದಾರನ ಮುಖ್ಯ ರಕ್ಷಣೆ. ವಾರ್ಷಿಕ ಏರಿಕೆ ಎಷ್ಟು, ಮನೆ ಬಿಡಲು ಎಷ್ಟು ತಿಂಗಳ ಮುನ್ಸೂಚನೆ, ಬಣ್ಣ ಬಳಿಯುವ ಖರ್ಚೆಂದು ಮುರಿದುಕೊಳ್ಳುವ ಮೊತ್ತ ಎಷ್ಟು, ಉಳಿದ ಮುಂಗಡ ಎಷ್ಟು ದಿನದಲ್ಲಿ ವಾಪಸು ಎಂಬ ನಾಲ್ಕು ಸಂಗತಿಗಳು ಅದರಲ್ಲಿ ಸ್ಪಷ್ಟವಾಗಿರಬೇಕು. ಮುಂಗಡವನ್ನು ಬ್ಯಾಂಕ್ ಮೂಲಕವೇ ಪಾವತಿಸಬೇಕು. ಆಸ್ತಿ ತೆರಿಗೆ ರಸೀದಿಯಲ್ಲಿ ಕರಾರಿಗೆ ಸಹಿ ಹಾಕುವವರ ಹೆಸರೇ ಇದೆಯೇ ಎಂದು ನೋಡಬೇಕು.

ದೊಡ್ಡ ಮೊತ್ತ ಕೊಟ್ಟು ಬಾಡಿಗೆಯಿಲ್ಲದೆ ಇರುವ 'ಭೋಗ್ಯ'ದ ಪದ್ಧತಿ ಆಕರ್ಷಕವಾಗಿ ಕಾಣುತ್ತದೆ. ಮಾಲೀಕರು ಅದೇ ಮನೆಯ ಮೇಲೆ ಬ್ಯಾಂಕ್ ಸಾಲ ಮಾಡಿ ಕಟ್ಟದಿದ್ದರೆ ಮನೆ ಹರಾಜಿಗೆ ಬಂದು ಜೀವಮಾನದ ಉಳಿತಾಯ ಸಿಕ್ಕಿಬೀಳುವ ಅಪಾಯವಿದೆ. ಋಣಭಾರ ಪ್ರಮಾಣಪತ್ರ ಪರಿಶೀಲಿಸದೆ, ಭೋಗ್ಯಪತ್ರ ನೋಂದಾಯಿಸದೆ ಹಣ ಕೊಡಕೂಡದು. ಅಂತೆಯೇ, ಸೇನೆಯಲ್ಲಿದ್ದೇನೆ, ಪರ ಊರಿನಲ್ಲಿದ್ದೇನೆ ಎಂದು ಹೇಳಿ ಚಿತ್ರ ಕಳುಹಿಸಿ, ಮನೆ ತೋರಿಸುವ ಮೊದಲೇ ಮುಂಗಡ ಕೇಳುವವರಿಂದ ದೂರವಿರಬೇಕು. ಮೋಸ ಹೋದರೆ ತಡಮಾಡದೆ 1930 ಸೈಬರ್ ಸಹಾಯವಾಣಿಗೆ ಕರೆ ಮಾಡಬೇಕು.

ವಿದ್ಯುತ್ತಿಗೆ ಪ್ರತ್ಯೇಕ ಮೀಟರ್ ಇದೆಯೇ, ಸಂಪರ್ಕ ಕಾಯಂ ಆಗಿದೆಯೇ ಎಂಬುದನ್ನೂ ನೋಡಬೇಕು. 2023ರಲ್ಲಿ ಜಾರಿಯಾದ ಗೃಹಜ್ಯೋತಿ ಯೋಜನೆಯ ಲಾಭ ಬಾಡಿಗೆದಾರರಿಗೂ ಉಂಟು. ಹಳೆಯ ಮನೆಯ ಆರ್.ಆರ್. ಸಂಖ್ಯೆಯಿಂದ ಆಧಾರ್ ಬೇರ್ಪಡಿಸಿ ಹೊಸ ಮನೆಯ ಸಂಖ್ಯೆಗೆ ಜೋಡಿಸಿಕೊಳ್ಳಬೇಕು.

ಹುಡುಕುವ ಕ್ರಮ

ಹಳೆಯ ಬಡಾವಣೆಗಳ ಅನೇಕ ಮಾಲೀಕರು ಇಂದಿಗೂ ಗೇಟಿಗೆ 'ಮನೆ ಬಾಡಿಗೆಗೆ ಇದೆ' ಎಂಬ ಫಲಕ ತೂಗುಹಾಕುತ್ತಾರೆಯೇ ಹೊರತು ಅಂತರ್ಜಾಲದಲ್ಲಿ ಜಾಹೀರಾತು ಕೊಡುವುದಿಲ್ಲ. ಎರಡು ದಿನ ಬೀದಿ ಸುತ್ತಿದರೆ, ಕಿರಾಣಿ ಅಂಗಡಿ, ಹಾಲಿನ ಕೇಂದ್ರದಲ್ಲಿ ವಿಚಾರಿಸಿದರೆ ದಲ್ಲಾಳಿಗೆ ಕೊಡುವ ಒಂದು ತಿಂಗಳ ಬಾಡಿಗೆಯಷ್ಟು ಹಣ ಉಳಿದೀತು. 'ಯಾವ ಊರಿನವರು, ಯಾವ ಜನ, ಮಾಂಸಾಹಾರ ಉಂಟೇ?' ಎಂಬ ಪ್ರಶ್ನೆಗಳು ಈಗಲೂ ಎದುರಾಗುತ್ತವೆ. ಅದು ಬೇಸರದ ಸಂಗತಿಯೇ. ಆದರೆ ಆಹಾರಪದ್ಧತಿ ಮುಚ್ಚಿಟ್ಟು ಮನೆ ಹಿಡಿದು ದಿನವೂ ಅಳುಕುತ್ತ ಬಾಳುವುದಕ್ಕಿಂತ, ಇದ್ದುದನ್ನು ಇದ್ದಂತೆ ಹೇಳಿ ಒಪ್ಪಿದ ಮನೆಗೆ ಹೋಗುವುದು ಮರ್ಯಾದೆಗೂ ನೆಮ್ಮದಿಗೂ ಹಿತ.

ಮೆಚ್ಚಿದ ಮನೆಯನ್ನು ಎರಡು ಬಾರಿ ನೋಡಬೇಕು. ಒಮ್ಮೆ ವಾರದ ದಿನ ಬೆಳಿಗ್ಗೆ, ಮತ್ತೊಮ್ಮೆ ರಾತ್ರಿ ಎಂಟರ ಬಳಿಕ. ಬೀದಿ ದೀಪ, ನಾಯಿ ಕಾಟ, ಕಸದ ವಿಲೇವಾರಿ, ರಾತ್ರಿ ಕೆಲಸದಿಂದ ಮರಳುವ ಮಹಿಳೆಗೆ ನಿಲ್ದಾಣದಿಂದ ಮನೆವರೆಗಿನ ದಾರಿ ಇವೆಲ್ಲ ಭಾನುವಾರ ಮಧ್ಯಾಹ್ನದ ಭೇಟಿಯಲ್ಲಿ ಕಾಣುವುದಿಲ್ಲ. ಸಾಧ್ಯವಿದ್ದರೆ ಮುಂಗಡ ಕೊಡುವ ಮೊದಲು ಮನೆಯ ಹಿರಿಯರನ್ನೂ ಒಮ್ಮೆ ಕರೆತರಬೇಕು. ಮೆಟ್ಟಿಲು ಎಷ್ಟು ಕಡಿದು ಎಂಬುದು ಅವರ ಮೊಣಕಾಲಿಗೆ ತಿಳಿಯುವಷ್ಟು ಬೇರೆಯವರಿಗೆ ತಿಳಿಯದು.

ಒಂದು ನಿದರ್ಶನ

ಹುಬ್ಬಳ್ಳಿಯ ಐವರ ಕುಟುಂಬವೊಂದನ್ನು ಊಹಿಸಿಕೊಳ್ಳಬಹುದು. ಪತಿಗೆ ವೈಟ್‌ಫೀಲ್ಡ್‌ನಲ್ಲಿ ನೌಕರಿ, ಪತ್ನಿ ಕೆಲಸ ಹುಡುಕಬೇಕು, ಇಬ್ಬರು ಶಾಲಾ ಮಕ್ಕಳು, ಎಪ್ಪತ್ತು ದಾಟಿದ ತಾಯಿ. ಕಚೇರಿಯ ಪಕ್ಕದ ಅಪಾರ್ಟ್‌ಮೆಂಟ್ ಹಿಡಿದರೆ ಒಬ್ಬರ ಓಡಾಟ ತಪ್ಪುತ್ತದೆ. ವಿಜಯನಗರದಲ್ಲಿ ಮನೆ ಮಾಡಿದರೆ ಆ ಒಬ್ಬರಿಗೆ ನೇರಳೆ ಮಾರ್ಗದಲ್ಲಿ ಗಾಡಿ ಬದಲಿಸದೆ ಸುಮಾರು ಒಂದು ಗಂಟೆಯ ಪ್ರಯಾಣ. ಪ್ರತಿಯಾಗಿ ಮಕ್ಕಳಿಗೆ ನಡಿಗೆಯ ದೂರದಲ್ಲಿ ಶಾಲೆ, ಪತ್ನಿಗೆ ನಗರದ ಯಾವ ಕಡೆಗೂ ಹೋಗಬಲ್ಲ ಬಸ್ಸು-ಮೆಟ್ರೊ, ತಾಯಿಗೆ ಮಾತನಾಡಲು ನೆರೆಹೊರೆ, ಊರಿನಿಂದ ಬರುವ ನೆಂಟರಿಗೆ ಸುಲಭದ ದಾರಿ. ಒಬ್ಬರ ಎರಡು ಗಂಟೆಯಿಂದ ನಾಲ್ವರ ದಿನ ಹಸನಾಗುತ್ತದೆ. ಪತ್ನಿಗೂ ವೈಟ್‌ಫೀಲ್ಡ್‌ನಲ್ಲೇ ಕೆಲಸ ಸಿಕ್ಕಿ, ತಾಯಿ ಊರಿನಲ್ಲೇ ಉಳಿಯುವುದಾದರೆ ಇದೇ ಲೆಕ್ಕ ತಿರುಗುಮುರುಗಾಗಬಹುದು.

ಅಂದರೆ, ಎಲ್ಲರಿಗೂ ಒಳ್ಳೆಯದಾದ ಬಡಾವಣೆ ಬೆಂಗಳೂರಿನಲ್ಲಿ ಯಾವುದೂ ಇಲ್ಲ. ಒಂದು ಕುಟುಂಬಕ್ಕೆ ಹೊಂದುವ ಬಡಾವಣೆ ಖಂಡಿತ ಇದೆ. ಅದನ್ನು ಕಂಡುಕೊಳ್ಳಲು ಮುಂಗಡದ ಚೆಕ್ ಬರೆಯುವ ಮುನ್ನ ಮನೆಮಂದಿಯೆಲ್ಲ ಕೂತು, ಬೆಳಿಗ್ಗೆ ಹೊರಡುವವರ ಮಾತಿನಷ್ಟೇ ಹಗಲಿಡೀ ಮನೆಯಲ್ಲಿ ಇರುವವರ ಮಾತನ್ನೂ ಕೇಳಬೇಕು.